ಅಳಿದ ಪ್ರಾಣಿಯನ್ನು ಹೆರುವವರು ಯಾರು?

2025ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲಾಸಲ್ ಬಯೋಸೈನ್ಸಸ್ ಕಂಪನಿ ಮೂರು ಬಿಳಿ ತೋಳಮರಿಗಳನ್ನು ಜಗತ್ತಿಗೆ ತೋರಿಸಿತು. ಹತ್ತು ಸಾವಿರ ವರ್ಷಗಳ ಹಿಂದೆ ಅಳಿದುಹೋದ ಡೈರ್ ತೋಳ ಮರಳಿ ಬಂತು ಎಂಬ ಸುದ್ದಿ ಒಂದೇ ದಿನದಲ್ಲಿ ಎಲ್ಲ ಕಡೆ ಹಬ್ಬಿತು. ಆ ವಾರ ನನಗೆ ಫೋನ್ ಮಾಡಿದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಮಾತು: "ಇನ್ನು ಪ್ರಾಣಿಗಳು ಅಳಿದರೂ ಚಿಂತೆಯಿಲ್ಲ ಅಲ್ವಾ ಡಾಕ್ಟ್ರೇ?"

ಆ ಮಾತಿನಿಂದಲೇ ಈ ಲೇಖನ ಹುಟ್ಟಿತು. ನಡೆದದ್ದು ಇಷ್ಟು: ಈಗಲೂ ಬದುಕಿರುವ ಬೂದು ತೋಳದ ಜೀವಕೋಶ ತೆಗೆದುಕೊಂಡು, ಅದರ 14 ವಂಶವಾಹಿಗಳಲ್ಲಿ 20 ಕಡೆ ತಿದ್ದಿದರು. ಭ್ರೂಣವನ್ನು ಸಾಕುನಾಯಿಯ ಗರ್ಭದಲ್ಲಿಟ್ಟರು. ಹುಟ್ಟಿದ್ದು ತಿದ್ದಿದ ಬೂದು ತೋಳ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ತೋಳ-ನಾಯಿ ತಜ್ಞರ ಗುಂಪೂ ಇದು ಡೈರ್ ತೋಳ ಅಲ್ಲ ಎಂದೇ ಹೇಳಿತು. ಆದರೆ ನನ್ನ ತಕರಾರು ಹೆಸರಿನದಷ್ಟೇ ಅಲ್ಲ. ನಾನು ಓದಿದ ವರದಿಗಳಲ್ಲಿ ಮರಿಗಳನ್ನು ಹೆತ್ತ ನಾಯಿಗಳಿಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದು ಸಾಲು. ಈ ಕ್ಷೇತ್ರದ ಚರಿತ್ರೆಯನ್ನು ವಂಶವಾಹಿಯ ಅಕ್ಷರಗಳ ಚರಿತ್ರೆ ಎಂದು ಹೇಳುವ ರೂಢಿ ಬಿದ್ದಿದೆ. ಅದು ಗರ್ಭದ ಚರಿತ್ರೆಯೂ ಹೌದು, ಶೀತಲೀಕರಣದ ಚರಿತ್ರೆಯೂ ಹೌದು.

ಮೊದಲ ಘಟ್ಟವನ್ನು ಬೇಗ ಹೇಳಿ ಮುಗಿಸಬಹುದು. ಸಾಕುದನಗಳ ಮೂಲವಾದ ಕಾಡುದನ ಆರಾಕ್ಸ್‌ನ ಕೊನೆಯ ಪ್ರಾಣಿ 1627ರಲ್ಲಿ ಪೋಲೆಂಡಿನ ಕಾಡಿನಲ್ಲಿ ಸತ್ತಿತ್ತು. ಅದನ್ನು ಹೋಲುವ ದನಗಳನ್ನು ತಳಿ ಬೆರೆಸಿಯೇ ಪಡೆಯಲು 1920ರ ದಶಕದಿಂದ ಜರ್ಮನಿಯ ಹೆಕ್ ಸಹೋದರರು ಹೊರಟರು. ಅವರಿಗೆ ದಕ್ಕಿದ್ದು ಕೊಂಬು, ಬಣ್ಣಗಳ ಹೋಲಿಕೆ ಮಾತ್ರ. ಅರ್ಧ ಮೈಗಷ್ಟೇ ಪಟ್ಟೆಯಿದ್ದ ಕ್ವಾಗಾ ಜೀಬ್ರಾ 1883ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಕೊನೆಗಂಡಿತು. ಅದರ ಒಣ ಚರ್ಮದಿಂದ ಬರ್ಕ್ಲಿಯ ಆಲನ್ ವಿಲ್ಸನ್ ಅವರ ಪ್ರಯೋಗಾಲಯ 1984ರಲ್ಲಿ ಡಿಎನ್‌ಎ ತೆಗೆದಾಗ ಹೊಸ ದಾರಿ ತೆರೆಯಿತು. ಮೂರು ವರ್ಷಗಳ ನಂತರ ದಕ್ಷಿಣ ಆಫ್ರಿಕಾದಲ್ಲಿ ರೈನ್‌ಹೋಲ್ಡ್ ರಾವ್ ಬಯಲು ಜೀಬ್ರಾಗಳಿಂದ ಕ್ವಾಗಾದಂಥ ತಳಿ ಎತ್ತಲು ಶುರುಮಾಡಿದರು. ಅವರೂ ತಂದದ್ದು ಹೋಲಿಕೆಯನ್ನೇ.

ನನ್ನ ದೃಷ್ಟಿಯಲ್ಲಿ ನಿಜವಾದ ಆರಂಭ 1949. ಆ ವರ್ಷ ಲಂಡನ್ನಿನಲ್ಲಿ ಕ್ರಿಸ್ ಪೋಲ್ಜ್, ಆಡ್ರಿ ಸ್ಮಿತ್ ಮತ್ತು ಆಲನ್ ಪಾರ್ಕ್ಸ್, ಗ್ಲಿಸರಾಲ್ ಬೆರೆಸಿದರೆ ಹುಂಜದ ವೀರ್ಯಾಣುಗಳು ಹೆಪ್ಪುಗಟ್ಟಿದ ಮೇಲೂ ಬದುಕುತ್ತವೆ ಎಂದು ಕಂಡುಕೊಂಡರು. ಸತ್ತ ಪ್ರಾಣಿಗೆ ಸಂತಾನ ಆಗಬಹುದು ಎಂಬ ಮಾತು ಅಂದಿನಿಂದ ಕಲ್ಪನೆಯಾಗಿ ಉಳಿಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬೈಕಿಗೆ ಕ್ಯಾನ್ ಕಟ್ಟಿಕೊಂಡು ಬರುವ ಪಶು ಆಸ್ಪತ್ರೆಯವರು ಹಸುವಿಗೆ ಗಬ್ಬ ನಿಲ್ಲಿಸಲು ಕೊಡುವ ಇಂಜೆಕ್ಷನ್ನಿನ ಹಿಂದೆಯೂ ಇದೇ ಶೋಧವಿದೆ. ಹೋರಿ ಸತ್ತು ಎಷ್ಟೋ ವರ್ಷವಾಗಿದ್ದರೂ ಅದರ ಕರು ಹಟ್ಟಿಯಲ್ಲಿ ಹುಟ್ಟುತ್ತದೆ.

ನಾನು ಈ ವಿದ್ಯೆ ಕಲಿತದ್ದು ಹೆಸರಘಟ್ಟದಲ್ಲಿ. ಮೊದಲ ದಿನ ಕೈಗೆ ಕೊಟ್ಟದ್ದು ಸೂಕ್ಷ್ಮದರ್ಶಕವನ್ನಲ್ಲ, ಒಂದು ಕಡ್ಡಿಯನ್ನು. ಅದನ್ನು ಕ್ಯಾನಿನ ತಳ ಮುಟ್ಟುವಂತೆ ಇಳಿಸಿ, ಸ್ವಲ್ಪ ಹೊತ್ತು ಹಿಡಿದು, ಹೊರತೆಗೆದು ಗಾಳಿಯಲ್ಲಿ ಬೀಸಬೇಕು. ಎಲ್ಲಿಯವರೆಗೆ ಬಿಳಿ ಮಂಜು ಕಟ್ಟುತ್ತದೋ ಅಲ್ಲಿಯವರೆಗೆ ದ್ರವ ಸಾರಜನಕ ಇದೆ ಎಂದರ್ಥ. ಅದರೊಳಗೆ ಮೈನಸ್ 196 ಡಿಗ್ರಿ. ಕಡ್ಡಿಯ ಮಂಜು ಕೆಳಗಿಳಿದ ಹಾಗೆ ಒಳಗಿರುವ ವೀರ್ಯದ ಸ್ಟ್ರಾಗಳ ಆಯಸ್ಸೂ ಇಳಿಯುತ್ತದೆ. "ಕ್ಯಾನು ಕೂಸಿದ್ದಂಗೆ, ಹೊತ್ತಿಗೆ ಸರಿಯಾಗಿ ಉಣ್ಣಿಸ್ಬೇಕು" ಎನ್ನುತ್ತಿದ್ದರು ನಮಗೆ ಕಲಿಸಿದ ಹಿರಿಯರು. ಈ ಕ್ಷೇತ್ರದ ಬಗ್ಗೆ ಅದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

ಆ ಮಾತನ್ನು ಕಾಡುಪ್ರಾಣಿಗಳ ವಿಷಯದಲ್ಲಿ ಮಾಡಿ ತೋರಿಸಿದವರು ಸ್ಯಾನ್ ಡಿಯಾಗೋದ ಕರ್ಟ್ ಬೆನಿರ್ಶ್ಕ. ತದ್ರೂಪು ಸೃಷ್ಟಿ ಯಾರ ಕಲ್ಪನೆಯಲ್ಲೂ ಹತ್ತಿರವಿಲ್ಲದ 1970ರ ದಶಕದಲ್ಲೇ ಅವರು ಅಪರೂಪದ ಪ್ರಾಣಿಗಳ ಚರ್ಮದ ಕೋಶಗಳನ್ನು ಬೆಳೆಸಿ ಹೆಪ್ಪುಗಟ್ಟಿಸಿ ಇಡತೊಡಗಿದರು. ಯಾವುದಕ್ಕೆ ಉಪಯೋಗ ಎಂದು ಹೇಳಲಾಗದ ಕೆಲಸಕ್ಕೆ ವರ್ಷಗಟ್ಟಲೆ ಸಾರಜನಕ ತುಂಬಿಸುತ್ತ ಕೂರಲು ದೊಡ್ಡ ಮನಸ್ಸು ಬೇಕು. ಫಲ ಬಹಳ ತಡವಾಗಿ ಬಂತು. 1980ರಲ್ಲಿ ಸತ್ತ ಬಾಂಟೆಂಗ್ ಕಾಡುಹೋರಿಯ ಕೋಶದಿಂದ 2003ರಲ್ಲಿ ಕರು ಹುಟ್ಟಿತು. 1988ರಲ್ಲಿ ಹೆಪ್ಪುಗಟ್ಟಿಸಿದ ಕೋಶದಿಂದ 2020ರ ಡಿಸೆಂಬರಿನಲ್ಲಿ ಕರಿಗಾಲಿನ ಫೆರೆಟ್ ಮರಿ ಎಲಿಜಬೆತ್ ಆ್ಯನ್ ಹುಟ್ಟಿತು. ತದ್ರೂಪುಗಳನ್ನೂ ಅವುಗಳ ಮರಿಗಳನ್ನೂ ಬಿಟ್ಟರೆ, ಇಂದು ಬದುಕಿರುವ ಕರಿಗಾಲಿನ ಫೆರೆಟ್‌ಗಳೆಲ್ಲ ಏಳೇ ಪ್ರಾಣಿಗಳ ಸಂತತಿ. ಕೋಶ ಕೊಟ್ಟ ವಿಲ್ಲಾ ಆ ಏಳರಲ್ಲಿ ಇಲ್ಲದ ರಕ್ತ. ಅದೇ ಕೋಶದ ಇನ್ನೊಂದು ತದ್ರೂಪು ಆಂಟೋನಿಯಾ 2024ರಲ್ಲಿ ಮರಿ ಹಾಕಿತು. ಕಳೆದುಹೋಗಿದ್ದ ವಂಶದ ಎಳೆಯೊಂದು ಮತ್ತೆ ಹೊಸೆದುಕೊಂಡಿತು. ಡೈರ್ ತೋಳದ ಸುದ್ದಿಗಿಂತ ಇದು ನೂರು ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ.

ಸೋಲುಗಳನ್ನೂ ಹೇಳಬೇಕು. ನಾಗರಹೊಳೆ, ಬಂಡೀಪುರದ ರಸ್ತೆಬದಿಯಲ್ಲಿ ನಾವು ನೋಡುವ ಕಾಟಿ ಇದೆಯಲ್ಲ, ಅದರ ತದ್ರೂಪು ಕರು 2001ರ ಜನವರಿಯಲ್ಲಿ ಅಮೆರಿಕದ ಅಯೋವಾದಲ್ಲಿ ಒಂದು ನಾಡಹಸುವಿನ ಹೊಟ್ಟೆಯಲ್ಲಿ ಹುಟ್ಟಿತು. ನೋಆ ಎಂದು ಹೆಸರಿಟ್ಟರು. ಸುಮಾರು 700 ಅಂಡಗಳಿಂದ ಆರಂಭಿಸಿ, ಎಂಟು ಹಸು ಗಬ್ಬ ನಿಂತು, ಕೊನೆಗೆ ದಕ್ಕಿದ್ದು ಅದೊಂದೇ ಕರು. ಎರಡು ದಿನದೊಳಗೆ ಭೇದಿಯಿಂದ ಅದೂ ಸತ್ತಿತು.

ಸ್ಪೇನಿನ ಬುಕಾರ್ಡೊ ಕಾಡುಮೇಕೆಯದು ಇನ್ನೂ ಸಂಕಟದ ಕಥೆ. ಕೊನೆಯ ಹೆಣ್ಣು ಸೀಲಿಯಾ. 1999ರಲ್ಲಿ ಅದರ ಕಿವಿಯಿಂದ ಚೂರು ಚರ್ಮ ತೆಗೆದಿಟ್ಟಿದ್ದರು. 2000ದ ಜನವರಿ 6ರಂದು ಮರ ಬಿದ್ದು ಸೀಲಿಯಾ ಸತ್ತಿತು. ಆ ಚೂರಿನ ಕೋಶಗಳಿಂದ ಮಾಡಿದ ಭ್ರೂಣಗಳನ್ನು ಐವತ್ತಕ್ಕೂ ಹೆಚ್ಚು ಬಾಡಿಗೆ ತಾಯಂದಿರ ಗರ್ಭದಲ್ಲಿಟ್ಟರು. ಗಬ್ಬ ನಿಂತದ್ದು ಏಳು. ದಿನ ತುಂಬಿ ಹೆರಿಗೆಯಾದದ್ದು ಒಂದು, 2003ರ ಜುಲೈ 30ರಂದು. ಶ್ವಾಸಕೋಶದ ದೋಷದಿಂದ ಮರಿ ಕೆಲವೇ ನಿಮಿಷಗಳಲ್ಲಿ ಉಸಿರು ನಿಲ್ಲಿಸಿತು. ಅಳಿದ ಪ್ರಾಣಿಯೊಂದು ಮರಳಿ ಹುಟ್ಟಿದ್ದು ಚರಿತ್ರೆಯಲ್ಲಿ ಅದೇ ಮೊದಲು, ಮತ್ತೆ ಅಳಿದದ್ದೂ ಅದೇ ದಿನ. ಆ ಮರಿ ಬದುಕಿದ್ದರೂ ಅದಕ್ಕೆ ಗಂಡು ಎಲ್ಲಿತ್ತು? ಗಂಡು ಬುಕಾರ್ಡೊವಿನ ಒಂದು ಜೀವಂತ ಕೋಶವನ್ನೂ ಯಾರೂ ತೆಗೆದಿಟ್ಟಿರಲಿಲ್ಲ.

ನಮ್ಮ ದೇಶದ ಕೆಲಸವನ್ನು ಹೊರಗಿನ ಸಮೀಕ್ಷೆಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯವರು ದುಬಾರಿ ಯಂತ್ರಗಳಿಲ್ಲದೆ, ಕೈಯಲ್ಲೇ ಅಂಡದ ಕೇಂದ್ರ ಕತ್ತರಿಸುವ ವಿಧಾನದಿಂದ 2009ರಲ್ಲಿ ಎಮ್ಮೆಯ ತದ್ರೂಪು ಮಾಡಿದರು. ಮೊದಲ ಕರು ಕೆಲವೇ ದಿನ ಬದುಕಿತು, ಎರಡನೆಯದಾದ ಗರಿಮಾ ಉಳಿಯಿತು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ (ಸಿಸಿಎಂಬಿ) ಲಾಲ್ಜಿ ಸಿಂಗ್ ಅವರ ಮುಂದಾಳತ್ವದಲ್ಲಿ ಕಾಡುಪ್ರಾಣಿಗಳಿಗೆಂದೇ ಲಾಕೋನ್ಸ್ ಪ್ರಯೋಗಾಲಯ ಎದ್ದಿತು. 2006ರಲ್ಲಿ ಅಲ್ಲಿ ಕೃತಕ ಗರ್ಭಧಾರಣೆಯಿಂದ ಜಿಂಕೆಮರಿ ಹುಟ್ಟಿತು, ಮರುವರ್ಷ ಕೃಷ್ಣಮೃಗದ ಮರಿ. ನಮ್ಮ ತಲೆಮಾರಿನವರಿಗೆ ಅದು ಹಬ್ಬದಂಥ ಕಾಲ. ಹಸುವಿನ ಬೆದೆ ರೈತನ ಮನೆಯ ಮಕ್ಕಳಿಗೂ ಗೊತ್ತಾಗುತ್ತದೆ. ಜಿಂಕೆಯ ಬೆದೆ ತಿಳಿಯಲು ಹಿಕ್ಕೆ ಆರಿಸಿ ಹಾರ್ಮೋನು ಅಳೆಯಬೇಕು. ಆ ಬೇಸರದ ಕೆಲಸವನ್ನು ವರ್ಷಗಟ್ಟಲೆ ಮಾಡಿದವರಿದ್ದಾರೆ.

ಭಾರತದಲ್ಲಿ ಕೊನೆಯ ಮೂರು ಚೀತಾಗಳು 1947ರಲ್ಲಿ ಕೊರಿಯಾ ಸಂಸ್ಥಾನದ ರಾಜನ ಗುಂಡಿಗೆ ಬಲಿಯಾದವು ಎಂದು ದಾಖಲಾಗಿದೆ. ಅವುಗಳ ಏಷ್ಯಾ ಬಳಗ ಉಳಿದಿರುವುದು ಇರಾನಿನಲ್ಲಿ ಮಾತ್ರ. ಅಲ್ಲಿಂದ ಕೋಶ ತಂದು ತದ್ರೂಪು ಮಾಡುವ ಲಾಲ್ಜಿ ಸಿಂಗ್ ಅವರ ಯೋಜನೆಗೆ ಇರಾನ್ ಒಪ್ಪಲಿಲ್ಲ. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೋ ಕಾಡಿಗೆ ಬಂದಿಳಿದ ಎಂಟು ಚೀತಾಗಳು ನಮೀಬಿಯಾದವು. 1947ರ ಆ ಮೂರು ದೇಹಗಳಿಂದ ಜೀವಂತ ಕೋಶ ಉಳಿಸುವ ವಿದ್ಯೆ ಆಗಿನ್ನೂ ಇರಲಿಲ್ಲ. ಇಂದು ಆ ನೆಪ ನಮಗಿಲ್ಲ.

ಇನ್ನೊಂದು ಪಂಥ ಪ್ರಾಚೀನ ಡಿಎನ್‌ಎಯದು. ಅಳಿದ ಪ್ರಾಣಿಗಳನ್ನು ಮರಳಿ ತರುವ ಕುರಿತು 2013ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಸಭೆಯ ನಂತರ ಅದಕ್ಕೆ ಪ್ರಚಾರವೂ, 2021ರಲ್ಲಿ ಜಾರ್ಜ್ ಚರ್ಚ್ ಮತ್ತು ಬೆನ್ ಲ್ಯಾಮ್ ಕೊಲಾಸಲ್ ಕಂಪನಿ ಕಟ್ಟಿದ ಮೇಲೆ ಹಣವೂ ಬಂತು. ಆನೆಯ ಅಳಿದ ಬಂಧು ಮ್ಯಾಮತ್ ಅವರ ಗುರಿ. ಅಕ್ಷರ ಓದುವುದರಲ್ಲಿ, ತಿದ್ದುವುದರಲ್ಲಿ ಅವರ ಪ್ರಗತಿ ದೊಡ್ಡದು, ಅದನ್ನು ಗೌರವಿಸುತ್ತೇನೆ. ಆದರೆ ಮ್ಯಾಮತ್ ಮರಿಯನ್ನು ಹೊರಬೇಕಾದ ಆನೆ 22 ತಿಂಗಳು ಗಬ್ಬ ಹೊರುವ ಪ್ರಾಣಿ. ಐವತ್ತು ಮೇಕೆಗಳ ಗರ್ಭದಿಂದ ಒಂದು ಮರಿ ಬಂದ ಲೆಕ್ಕವನ್ನು ಆನೆಗೆ ಹಾಕಿ ನೋಡಿ. ಕಂದು ಹಾಕುವ ಒಂದೊಂದು ಆನೆಯ ನೋವನ್ನು ಯಾವ ಖಾತೆಗೆ ಬರೆಯುತ್ತೀರಿ?

ಕೋಶದಲ್ಲಿ ಬಾರದ ವಿಷಯವೂ ಒಂದಿದೆ. ಅನುಭವ ರಕ್ತದಲ್ಲಿ ಇಳಿದು ಬರುತ್ತದೆಯೇ ಎಂಬ ಪ್ರಶ್ನೆ ಹಳೆಯದು. ಅಮೆರಿಕದ ಬ್ರಯನ್ ಡಯಸ್ ಮತ್ತು ಕೆರಿ ರೆಸ್ಲರ್, ಒಂದು ವಾಸನೆಗೆ ಹೆದರಲು ಕಲಿತ ಗಂಡಿಲಿಗಳ ಮಕ್ಕಳು, ಮೊಮ್ಮಕ್ಕಳು ಆ ವಾಸನೆಗೆ ಬೆಚ್ಚುತ್ತವೆ ಎಂದು 2013ರಲ್ಲಿ ವರದಿ ಮಾಡಿದರು. ಅದರ ಮೇಲಿನ ವಾದ ಇನ್ನೂ ಮುಗಿದಿಲ್ಲ. ಅಂಥದ್ದು ನಿಜವೇ ಆದರೂ, ಬೇಸಗೆಯಲ್ಲಿ ನೀರು ಎಲ್ಲಿದೆ ಎಂದು ಮುದಿ ಹೆಣ್ಣಾನೆ ಹಿಂಡಿಗೆ ತೋರಿಸುವ ದಾರಿ ವೀರ್ಯದಲ್ಲಿ ಬರುವುದಿಲ್ಲ. ಆಸ್ಟ್ರೇಲಿಯಾದ ರೀಜೆಂಟ್ ಹನಿಈಟರ್ ಹಕ್ಕಿಗಳ ಸಂಖ್ಯೆ ಕುಸಿದು, ಮರಿಗಂಡುಗಳಿಗೆ ಕಲಿಸುವ ಹಿರಿಯರಿಲ್ಲದೆ ಕೆಲವು ಬೇರೆ ಜಾತಿಯ ಹಾಡು ಹಾಡುತ್ತಿವೆ ಎಂದು 2021ರಲ್ಲಿ ತಿಳಿದುಬಂತು. ಬದುಕಿರುವ ಹಕ್ಕಿಯ ಗತಿಯೇ ಹೀಗಾದರೆ, ಸಾವಿರಾರು ವರ್ಷ ತಾಯಿಯಿಲ್ಲದೆ ಉಳಿದ ಮ್ಯಾಮತ್ ಮರಿಗೆ ಪಾಠ ಹೇಳುವವರು ಯಾರು?

ಈ ಕ್ಷೇತ್ರದ ದೊಡ್ಡ ಕೊರತೆ ಒಂದು ಸಣ್ಣ ಅಭ್ಯಾಸದ್ದು. ಕಾಡಿನಲ್ಲಿ ಪ್ರಾಣಿ ಸತ್ತರೆ ಮರಣೋತ್ತರ ಪರೀಕ್ಷೆ ಆಗುತ್ತದೆ, ಜಠರ ಮತ್ತು ಯಕೃತ್ತಿನ ಚೂರುಗಳು ವಿಷಪರೀಕ್ಷೆಗೆ ಹೋಗುತ್ತವೆ. ಕಿವಿಯ ಚೂರನ್ನು ಜೀವಂತವಾಗಿ ಉಳಿಸುವ ರೂಢಿ ಇನ್ನೂ ಎಲ್ಲ ಕಡೆ ಬೇರೂರಿಲ್ಲ. ಹಲವು ವರ್ಷಗಳ ಹಿಂದೆ ನಾನು ರಸ್ತೆ ಅಪಘಾತದಲ್ಲಿ ಸತ್ತ ಸೀಳುನಾಯಿಯೊಂದರ ಕಿವಿಯ ಚರ್ಮ ತೆಗೆದು, ಕೋಶ ಬೆಳೆಸಿ, ಎಂಟು ಸೀಸೆಗಳನ್ನು ಒಂದು ಸಂಸ್ಥೆಯ ಕ್ಯಾನಿನಲ್ಲಿಟ್ಟಿದ್ದೆ. ದೀರ್ಘ ರಜೆಯೊಂದರಲ್ಲಿ ಸಾರಜನಕ ತುಂಬಿಸಬೇಕಾದವರು ಬರಲಿಲ್ಲ. ನಾನು ಕಡ್ಡಿ ಇಳಿಸಿ ತೆಗೆದಾಗ ಅದರ ಮೇಲೆ ಮಂಜೇ ಇರಲಿಲ್ಲ. ಒಣಗಿದ ಕಡ್ಡಿಯನ್ನು ಮತ್ತೆ ಮತ್ತೆ ಇಳಿಸಿ ನೋಡಿದ್ದು ಈಗಲೂ ನೆನಪಿದೆ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯ ಎರೆಭೂತ ಹಕ್ಕಿಗಳು ಉಳಿದಿವೆ. ಹಕ್ಕಿಗಳಲ್ಲಿ ಡಾಲಿ ಕುರಿಯಂಥ ತದ್ರೂಪು ಸಾಧ್ಯವಾಗಿಲ್ಲ, ಭಂಡಾರ ತುಂಬಿದ ಆ ದೊಡ್ಡ ಮೊಟ್ಟೆಯಲ್ಲಿ ಕೇಂದ್ರ ಬದಲಿಸುವುದು ಅಷ್ಟು ಕಷ್ಟ. ವೀರ್ಯ, ಸಂತಾನಕೋಶಗಳನ್ನು ಈಗಲೇ ಉಳಿಸಿಕೊಳ್ಳುವುದೇ ದಾರಿ. 2024ರ ಅಕ್ಟೋಬರ್‌ನಲ್ಲಿ ಜೈಸಲ್ಮೇರಿನ ಕೇಂದ್ರದಲ್ಲಿ ಕೃತಕ ಗರ್ಭಧಾರಣೆಯಿಂದ ಎರೆಭೂತದ ಮರಿ ಹೊರಬಂತು. ನಾನು ಅದರ ಚಿತ್ರವನ್ನು ಸಿರುಗುಪ್ಪದ ರೈತರೊಬ್ಬರಿಗೆ ತೋರಿಸಿದೆ. ಅವರು ಫೋನ್ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ ಕೇಳಿದರು: "ನಮ್ಮೂರಿನ ಹಕ್ಕೀದು ಎತ್ತಿಟ್ಟಾರೇನ್ರಿ ಸರ?"