ಫಕೀರನಿಂದ ಫಕೀರಪ್ಪನವರೆಗೆ: ಒಂದು ಅರಬ್ಬಿ ಪದದ ಕನ್ನಡ ನಾಮಚರಿತ್ರೆ

ಸಾರಾಂಶ: ಅರಬ್ಬಿ ಮೂಲದ 'ಫಕೀರ' ಎಂಬ ಪದವು ಕನ್ನಡದಲ್ಲಿ ಸಾಮಾನ್ಯ ನಾಮವಾಗಿಯೂ ವ್ಯಕ್ತಿನಾಮವಾಗಿಯೂ ನೆಲೆಗೊಂಡ ಬಗೆಯನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ. ಪದದ ಧ್ವನಿ, ರೂಪ ಮತ್ತು ಅರ್ಥಗಳ ಪರಿವರ್ತನೆಯನ್ನು ಗಮನಿಸಿ, ಹೆಸರಿನ ಮೂಲಭಾಷೆಯಿಂದ ಹೆಸರುಳ್ಳವರ ಮತವನ್ನು ಊಹಿಸುವ ಪದ್ಧತಿ ನಾಮವಿಜ್ಞಾನಕ್ಕೆ ಒಪ್ಪುವಂಥದಲ್ಲವೆಂದು ವಾದಿಸುತ್ತದೆ.

1. ಪೀಠಿಕೆ

ವಚನ ಸಾಹಿತ್ಯದ ಆಧುನಿಕ ಸಂಪಾದನೆಯನ್ನು ಕುರಿತು ಬರೆಯುವವರೆಲ್ಲರೂ ಫ. ಗು. ಹಳಕಟ್ಟಿಯವರನ್ನು (1880–1964) ಸ್ಮರಿಸುತ್ತಾರೆ. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿ, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದ ಈ ವಿದ್ವಾಂಸರ ಹೆಸರಿನ ಮೊದಲಕ್ಷರವನ್ನು ಬಿಡಿಸಿ ಹೇಳುವವರು ವಿರಳ. ಅದು 'ಫಕೀರಪ್ಪ'. ವೀರಶೈವ ಸಾಹಿತ್ಯದ ಪುನರುಜ್ಜೀವನಕ್ಕೆ ಬದುಕನ್ನೇ ಮುಡಿಪಾಗಿಟ್ಟವರ ಹೆಸರು ಅರಬ್ಬಿ ಪ್ರಕೃತಿಗೆ ಕನ್ನಡದ 'ಅಪ್ಪ' ಸೇರಿ ಆದದ್ದು. ಅವರು ವಿಜಯಪುರದಲ್ಲಿ ನಡೆಸಿದ 'ವಕೀಲಿ' ವೃತ್ತಿಯ ಹೆಸರೂ ಅರಬ್ಬಿ ಮೂಲದ್ದೇ. ಆದರೆ ಇವೆರಡರಲ್ಲಿ ಭೇದವಿದೆ. 'ವಕೀಲ' ಎಂಬುದು ಆಡಳಿತದ ಮೂಲಕ ಬಂದ ಪದ. 'ಫಕೀರಪ್ಪ' ಎಂಬುದು ತಂದೆತಾಯಿಗಳು ತಮ್ಮ ಕೂಸಿಗೆ ಬಯಸಿ ಇಟ್ಟ ಹೆಸರು. ಅನ್ಯದೇಶ್ಯ ಪದಗಳನ್ನು ಕುರಿತ ನಮ್ಮ ಚರ್ಚೆಗಳು ಕಚೇರಿ ಮತ್ತು ಕಂದಾಯದ ಪದಗಳ ಪಟ್ಟಿಯಲ್ಲಿ ನಿಂತುಬಿಡುವುದರಿಂದ ಈ ಎರಡನೆಯ ಬಗೆಯ ಸ್ವೀಕರಣ ನಮ್ಮ ಗಮನಕ್ಕೆ ಬರುವುದಿಲ್ಲ.

2. ಮೂಲಾರ್ಥ

ಅರಬ್ಬಿಯ ಫ-ಕ-ರ ಎಂಬ ತ್ರಿವ್ಯಂಜನ ಧಾತುವಿನಿಂದ 'ಬಡತನ' ಎಂಬರ್ಥದ 'ಫಕ್ರ್' ಮತ್ತು 'ಬಡವ' ಎಂಬರ್ಥದ 'ಫಕೀರ್' ಹುಟ್ಟಿವೆ. ಇದೇ ಧಾತುವಿನಿಂದ ಬೆನ್ನುಹುರಿಯ ಮಣಿಗಳನ್ನು ಸೂಚಿಸುವ ಪದವೂ ಬಂದಿರುವುದರಿಂದ, ಬೆನ್ನೆಲುಬು ಮುರಿದಷ್ಟು ನಿರ್ಗತಿಕನಾದವನೇ ಫಕೀರನೆಂದು ಅರಬ್ಬಿ ಕೋಶಕಾರರು ನಿರ್ವಚಿಸಿದ್ದುಂಟು. ಕುರಾನಿನಲ್ಲಿ ಈ ಪದ ಎರಡು ನೆಲೆಗಳಲ್ಲಿ ಬರುತ್ತದೆ: ದಾನಕ್ಕೆ ಅರ್ಹನಾದ ಬಡವ ಎಂಬುದು ಒಂದು, ಸ್ವಯಂಪೂರ್ಣನಾದ ದೇವರ ಎದುರಿನಲ್ಲಿ ಸಕಲ ಮಾನವರೂ ಬಡವರೇ ಎಂಬುದು ಇನ್ನೊಂದು. ಸೂಫಿಗಳು ಎರಡನೆಯದನ್ನು ಸಾಧನೆಯ ಆದರ್ಶವಾಗಿಸಿದರು. ಪಾರಸಿಯಲ್ಲಿ ಫಕೀರನು ದರವೇಶಿಗೆ ಪರ್ಯಾಯನಾದನು. ಪತ್ರ ಬರೆಯುವವನು ವಿನಯದಿಂದ ತನ್ನನ್ನು 'ಈ ಫಕೀರ' ಎಂದು ಕರೆದುಕೊಳ್ಳುವ ರೂಢಿಯೂ ಬೆಳೆಯಿತು.

ಕನ್ನಡಕ್ಕೆ ಬಂದಾಗ ಪದವು ಈ ಎರಡು ಮುಖಗಳನ್ನೂ ಉಳಿಸಿಕೊಂಡಿತು. 'ವ್ಯಾಪಾರದಲ್ಲಿ ಫಕೀರನಾದ' ಎಂದರೆ ಎಲ್ಲವನ್ನೂ ಕಳೆದುಕೊಂಡನೆಂದರ್ಥ. 'ಮೊಹರಮ್ಮಿಗೆ ಫಕೀರನಾದ' ಎಂದರೆ ಹರಕೆ ಹೊತ್ತನೆಂದರ್ಥ. ಕ್ರಿಯಾಪದ ಒಂದೇ, ಮೊದಲನೆಯದರಲ್ಲಿ ನಷ್ಟ, ಎರಡನೆಯದರಲ್ಲಿ ವ್ರತ.

3. ಧ್ವನಿ ಪರಿವರ್ತನೆ

ಅರಬ್ಬಿಯ ಪದದಲ್ಲಿ ಕನ್ನಡಕ್ಕೆ ಅಪರಿಚಿತವಾದ ಎರಡು ಧ್ವನಿಗಳಿವೆ. ದಂತ್ಯೋಷ್ಠ್ಯ ಸಂಘರ್ಷಧ್ವನಿಯಾದ ಮೊದಲನೆಯದನ್ನು ಬರವಣಿಗೆ ಮಹಾಪ್ರಾಣ 'ಫ'ಕಾರದಿಂದ ತೋರಿಸುತ್ತದೆ. ಆಡುಮಾತು ಅದನ್ನು ಅಲ್ಪಪ್ರಾಣವಾಗಿಸಿ 'ಪಕೀರ', 'ಪಕ್ಕೀರಪ್ಪ' ಎನ್ನುತ್ತದೆ. ಎರಡನೆಯದು ಕಿರುನಾಲಿಗೆಯ ಬಳಿ ಉಚ್ಚರಿಸುವ ಕಕಾರ. ದಖನಿ ಉರ್ದುವಿನಲ್ಲಿ ಈ ಧ್ವನಿ ಖಕಾರಕ್ಕೆ ಸಮೀಪದ ಸಂಘರ್ಷಧ್ವನಿಯಾಗುವುದು ಪ್ರಸಿದ್ಧವಾದ ಲಕ್ಷಣ. ಕನ್ನಡದ ಖಾಯಂ, ಖೈದಿ, ಖಾಜಿ, ಖಾದರ್ ಎಂಬ ರೂಪಗಳ ಮಹಾಪ್ರಾಣಕ್ಕೆ ಇದೇ ಕಾರಣವಿರಬೇಕು. ಇದಕ್ಕೆ ಪ್ರತಿಯಾಗಿ ಕರಾರು, ಕಬೂಲು, ಕಿಸ್ತು, ಬಾಕಿ, ನಕಲು, ಹಕೀಕತ್ತು ಮುಂತಾದವು ಅಲ್ಪಪ್ರಾಣ ಕಕಾರವನ್ನು ತೋರಿಸುತ್ತವೆ. ಲೆಕ್ಕಪತ್ರದ ಬಳಕೆಗೆ ಸೇರಿದ ಈ ಪದಗಳು ಮರಾಠಿಯಲ್ಲಿಯೂ ಕಕಾರದಿಂದಲೇ ಕೂಡಿವೆ. ನಗದು, ತಗಾದೆ ಎಂಬೆಡೆಗಳಲ್ಲಿ ಅದೇ ಮೂಲಧ್ವನಿ ಘೋಷವಾಗಿದೆ. 'ಫಕೀರ'ವು ಎರಡನೆಯ ಗುಂಪಿಗೆ ಸೇರುತ್ತದೆ. 'ಫಕ್ಕೀರಪ್ಪ' ಎಂಬಲ್ಲಿನ ದ್ವಿತ್ವವನ್ನು, ಸ್ವರಮಧ್ಯದ ಕಕಾರವು ಗಕಾರವಾಗದಂತೆ ತಡೆದ ರಕ್ಷಣೆಯೆಂದು ವಿವರಿಸಬಹುದು.

ಇಂಥ ಧ್ವನಿನಿಯಮಗಳನ್ನು ಕಡೆಗಣಿಸಿದರೆ ಹೋಲಿಕೆಯೊಂದೇ ವ್ಯುತ್ಪತ್ತಿಯಾಗಿಬಿಡುತ್ತದೆ. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ಪೂರ್ವಪದದಲ್ಲಿ ಅರಬ್ಬಿಯ 'ಖಾದರ್' ಅಡಗಿದೆಯೆಂದು ಯಾರಾದರೂ ಸೂಚಿಸಬಹುದು. ಆದರೆ ದರ್ಬಾರು, ದಫ್ತರ, ಖೈದಿ ಮೊದಲಾದವುಗಳಲ್ಲಿ ಅರಬ್ಬಿ-ಪಾರಸಿಯ ದಂತ್ಯ ದಕಾರವು ದಂತ್ಯವಾಗಿಯೇ ಉಳಿದಿದೆ. ಅದು ಮೂರ್ಧನ್ಯ ಡಕಾರವಾಗಿಲ್ಲ. ಆದಿಯ ದೀರ್ಘಸ್ವರ ಹ್ರಸ್ವವಾಗಲು ಬೇರೆ ಕಾರಣವೂ ಇಲ್ಲಿ ಕಾಣುವುದಿಲ್ಲ. ಹೀಗೆ ಎರಡು ಕಡೆ ನಿಯಮ ಮೀರಬೇಕಾದ ವ್ಯುತ್ಪತ್ತಿಯನ್ನು ಕೈಬಿಡುವುದೇ ಯುಕ್ತ.

4. ರೂಪ ರಚನೆ

ವ್ಯಂಜನಾಂತವಾದ ಅರಬ್ಬಿ-ಪಾರಸಿ ನಾಮಗಳನ್ನು ಕನ್ನಡ ಸ್ವರಾಂತವಾಗಿಸುವಾಗ ಲಿಂಗವಿವಕ್ಷೆಯನ್ನು ಪಾಲಿಸುವುದು ಗಮನಾರ್ಹ. ವಸ್ತು ಮತ್ತು ಭಾವವಾಚಕಗಳಿಗೆ ಸಾಮಾನ್ಯವಾಗಿ ಉಕಾರ ಸೇರುತ್ತದೆ: ಜಮೀನು, ಕಾನೂನು, ತಕರಾರು. ಪುರುಷವಾಚಕಗಳಿಗೆ ಅಕಾರ ಸೇರುತ್ತದೆ: ವಕೀಲ, ಗುಲಾಮ, ಜಮೀನ್ದಾರ, ಫಕೀರ. ಆದ್ದರಿಂದ ಫಕೀರನು, ಫಕೀರರು ಎಂಬ ರೂಪಗಳು ಅರಸನು, ಅರಸರು ಎಂಬಷ್ಟೇ ಸಹಜವಾಗಿವೆ.

ವ್ಯಕ್ತಿನಾಮಗಳಲ್ಲಿ ಈ ಹೊಂದಾಣಿಕೆ ಇನ್ನೂ ಮುಂದೆ ಹೋಗಿದೆ. ಫಕೀರಪ್ಪ, ಫಕೀರವ್ವ ಎಂಬಲ್ಲಿ ಉತ್ತರಪದ ಕನ್ನಡದ್ದು. ಸಂಧಿಯೂ ಕನ್ನಡದ ಲೋಪಸಂಧಿ. ಫಕೀರೇಶ, ಫಕೀರೇಶ್ವರ ಎಂಬಲ್ಲಿ ಉತ್ತರಪದ ಸಂಸ್ಕೃತದ್ದು. ಅಲ್ಲಿ ಅಕಾರ ಈಕಾರಗಳು ಕೂಡಿ ಏಕಾರವಾಗಿ 'ಮಹೇಶ'ದಲ್ಲಿರುವಂತೆ ಗುಣಸಂಧಿ ಆಗಿದೆ. ಒಂದೇ ಅರಬ್ಬಿ ಪ್ರಕೃತಿ ಎರಡು ವ್ಯಾಕರಣಗಳ ಸಂಧಿಗೂ ಒಳಗಾಯಿತು. ಕನ್ನಡ ಸಂಸ್ಕೃತ ಪದಗಳ ಬೆರಕೆಯನ್ನೇ ಅರಿಸಮಾಸವೆಂದು ಎಣಿಸಿದ 13ನೆಯ ಶತಮಾನದ ಕೇಶಿರಾಜನೂ ಬಿರುದಾವಳಿಗೆ ಮತ್ತು ಪೂರ್ವಕವಿ ಪ್ರಯೋಗಕ್ಕೆ ವಿನಾಯಿತಿ ಕೊಟ್ಟಿದ್ದನು. ಜನರ ಬಾಯಲ್ಲಿ ಬೆಳೆದ ವ್ಯಕ್ತಿನಾಮಗಳು ಅಂಥ ಅನುಮತಿಗೆ ಕಾದು ನಿಲ್ಲಲಿಲ್ಲ.

5. ಹೆಸರಿಡುವ ಕಾರಣ

ಈ ನಾಮಸಮೂಹದ ಒಂದು ಮುಖ್ಯ ಕೇಂದ್ರ ಗದಗ ಜಿಲ್ಲೆಯ ಶಿರಹಟ್ಟಿಯ ಫಕೀರೇಶ್ವರ ಮಠ. ಮಠದ ಪರಂಪರೆ ಹೇಳುವಂತೆ, ಮಕ್ಕಳಿಲ್ಲದ ಶಿವಭಕ್ತ ದಂಪತಿಗಳಿಗೆ ವಿಜಯಪುರದ ಸೂಫಿ ಖ್ವಾಜಾ ಅಮೀನುದ್ದೀನರ ಆಶೀರ್ವಾದದಿಂದ ಜನಿಸಿದ ಚೆನ್ನವೀರನೇ ಮುಂದೆ ಫಕೀರೇಶ್ವರನಾದನು. ಅಮೀನುದ್ದೀನ್ ಆಲಾ ನಿಧನರಾದುದು 1675ರಲ್ಲಿ. ಮಠಾಧಿಪತಿಗಳ ಹೆಸರಿನ ಹಿಂದೆ 'ಫಕೀರ' ಎಂಬ ಪದ ಸೇರುವುದು ರೂಢಿ. ಇಲ್ಲಿ 'ಫಕೀರ'ವು ಪದವಿವಾಚಕ; ಭಕ್ತರ ಮನೆಯಲ್ಲಿ ಹುಟ್ಟಿದ ಫಕೀರಪ್ಪನಿಗೆ ಅದು ದೇವರ ಹೆಸರು. ಬಡವನೆಂಬ ಅರ್ಥ ಹೆಸರಿಡುವವರ ಮನಸ್ಸಿನಲ್ಲಿ ಇರಲೇಬೇಕೆಂದಿಲ್ಲ.

ಎರಡನೆಯ ಕಾರಣ ಮೊಹರಮ್ಮಿನ ಹರಕೆ. ಕನ್ನಡನಾಡಿನ ಅನೇಕ ಹಳ್ಳಿಗಳಲ್ಲಿ ಮತಭೇದವಿಲ್ಲದೆ ಜನರು ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತಾರೆ. ಹರಕೆ ಹೊತ್ತವರು ಲಾಡಿ ಧರಿಸಿ, ಮನೆಗಳಲ್ಲಿ ಭಿಕ್ಷೆ ಬೇಡಿ, ಕೆಲವು ದಿನ ಫಕೀರರಾಗುತ್ತಾರೆ. ಈ ಆಚರಣೆಗೂ ನಾಮಕರಣಕ್ಕೂ ಇರುವ ನಂಟನ್ನು ಒಡಿಯಾ ಸಾಹಿತ್ಯವು ಸ್ಪಷ್ಟಪಡಿಸುತ್ತದೆ. ಫಕೀರಮೋಹನ ಸೇನಾಪತಿಯ (1843–1918) ಮೊದಲ ಹೆಸರು ಬ್ರಜಮೋಹನ. ಬಾಲ್ಯದಲ್ಲಿ ಕಾಯಿಲೆ ಬಿದ್ದಾಗ ಅಜ್ಜಿ ಬಾಲೇಶ್ವರದ ಪೀರರಿಗೆ ಹರಕೆ ಹೊತ್ತು, ಗುಣವಾದ ಮೇಲೆ ಹೆಸರನ್ನು ಬದಲಿಸಿ, ಮೊಹರಮ್ಮಿನಲ್ಲಿ ಮೊಮ್ಮಗನನ್ನು ಫಕೀರನನ್ನಾಗಿಸುತ್ತಿದ್ದಳೆಂಬುದನ್ನು ಅವನ ಆತ್ಮಚರಿತ್ರೆ ತಿಳಿಸುತ್ತದೆ.

ಮೂರನೆಯದು, ಕೂಸಿಗೆ ಹೀನಾರ್ಥದ ಹೆಸರಿಟ್ಟು ಕೆಟ್ಟ ದೃಷ್ಟಿಯಿಂದ ಕಾಯುವ ಪದ್ಧತಿ. ತಿಪ್ಪ, ಗುಂಡ, ಕಲ್ಲ ಮೊದಲಾದ ಪ್ರಕೃತಿಗಳಿಂದಾದ ಹೆಸರುಗಳಲ್ಲಿ ಒಮ್ಮೆ ದೈವದ ಸ್ಮರಣೆಯೂ ಒಮ್ಮೆ ಈ ರಕ್ಷಣೆಯೂ ಬೆರೆತಿರುವಂತೆ, ತಿರುಕನೆಂಬರ್ಥದ 'ಫಕೀರ'ದಲ್ಲಿಯೂ ಎರಡೂ ಕೂಡಿರಬಹುದು. ಪೀರಪ್ಪ ಎಂಬ ಹೆಸರು ಇದರ ಜೋಡಿ. ಪಾರಸಿಯ 'ಪೀರ್' ಎಂದರೆ ಮುದುಕ, ಹಿರಿಯ. ಉತ್ತರ ಕರ್ನಾಟಕದವರು ಮಠದ ಸ್ವಾಮಿಗಳನ್ನು 'ಅಜ್ಜಾರು' ಎನ್ನುವುದೂ ಅದೇ ಭಾವದಿಂದ.

6. ಹೊಳೆಯ ಎರಡು ದಡ

ಹರಿಹರದ ಸೀಮೆ ಈ ವಿಚಾರಕ್ಕೆ ಒಳ್ಳೆಯ ಒರೆಗಲ್ಲು. 1956ರವರೆಗೆ ಇಲ್ಲಿ ತುಂಗಭದ್ರೆಯ ಒಂದು ದಡ ಮೈಸೂರಿಗೂ ಆಚೆಯ ರಾಣೇಬೆನ್ನೂರು ಸೀಮೆ ಮುಂಬಯಿಗೂ ಸೇರಿದ್ದಿತು. ಈಚೆಯ ತಾಲ್ಲೂಕಿನ ಅಧಿಕಾರಿ 'ಅಮಲ್ದಾರ', ಆಚೆಯವನು 'ಮಾಮಲೇದಾರ'. ಎರಡೂ ಅರಬ್ಬಿಯ ಒಂದೇ ಧಾತುವಿನಿಂದ ಬಂದವು. ಆದರೂ ಯಾವ ರೂಪ ಎಲ್ಲಿ ನಡೆಯಬೇಕೆಂಬುದನ್ನು ಸರ್ಕಾರ ನಿರ್ಧರಿಸಿತು. ವ್ಯಕ್ತಿನಾಮಗಳಿಗೆ ಈ ಗಡಿ ಇರಲಿಲ್ಲ. ಫಕೀರಪ್ಪನ ನೆಲೆ ಮುಖ್ಯವಾಗಿ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಾದರೂ, ಹೆಸರು ಮದುವೆ, ಜಾತ್ರೆ ಮತ್ತು ಹರಕೆಗಳ ದಾರಿ ಹಿಡಿದು ಸಾಗುವುದರಿಂದ ಹೊಳೆ ಅದಕ್ಕೆ ಅಡ್ಡಿಯಲ್ಲ. ಅಮಲ್ದಾರನೂ ಮಾಮಲೇದಾರನೂ ಇಂದು ತಹಸೀಲ್ದಾರನಿಗೆ ಎಡೆಬಿಟ್ಟಿದ್ದಾರೆ. ಹುದ್ದೆಯ ಪದ ಆದೇಶದಿಂದ ಬದಲಾಗುತ್ತದೆ. ಹರಕೆಯ ಹೆಸರು ಮೊಮ್ಮಗನಿಗೆ ಇಳಿಯುತ್ತದೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ನಿರ್ಣಯಗಳು ಹೊರಡುತ್ತವೆ. ಮೊದಲನೆಯದಾಗಿ, ಅನ್ಯದೇಶ್ಯ ಪದಗಳ ಅಧ್ಯಯನ ವ್ಯಕ್ತಿನಾಮಗಳನ್ನು ಹೊರಗಿಟ್ಟರೆ, ಸ್ವೀಕರಣವೆಲ್ಲ ರಾಜಾಧಿಕಾರದ ಒತ್ತಡದಿಂದಲೇ ನಡೆಯಿತೆಂಬ ಅಪೂರ್ಣ ಚಿತ್ರ ಉಳಿಯುತ್ತದೆ. ಎರಡನೆಯದಾಗಿ, ಹೆಸರಿನ ವ್ಯುತ್ಪತ್ತಿ ಭಾಷೆಗಳ ಸಂಪರ್ಕಕ್ಕೆ ಸಾಕ್ಷಿಯೇ ಹೊರತು ಹೆಸರುಳ್ಳವರ ಮತಕ್ಕೆ ಸಾಕ್ಷಿಯಲ್ಲ. ಶಾಸನ, ಕಂದಾಯದ ದಾಖಲೆ ಅಥವಾ ಮತದಾರರ ಪಟ್ಟಿಯಲ್ಲಿ 'ಫಕೀರ' ಪ್ರಕೃತಿ ಕಂಡೊಡನೆ ಮುಸ್ಲಿಮರೆಂದು ಎಣಿಸುವ ಸಂಶೋಧಕನು, ವಚನಗಳನ್ನು ನಮಗೆ ಉಳಿಸಿಕೊಟ್ಟವರನ್ನೇ ತಪ್ಪು ಅಂಕಣದಲ್ಲಿ ಬರೆದಂತಾಗುತ್ತದೆ.