ಸ್ಪಂದನಶೀಲ ಜಾಲಪುಟ ವಿನ್ಯಾಸ

ಬ್ರೌಸರ್ ಕಿಟಕಿ ಹಿಗ್ಗಿ ಕುಗ್ಗಿದಂತೆ ಪುಟದ ಅಂಕಣ, ಚಿತ್ರಗಳೂ ಅಳತೆ ಬದಲಿಸಿಕೊಳ್ಳುವಂತೆ ಜಾಲಪುಟ ರೂಪಿಸುವ ವಿಧಾನ. ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್ 2010ರ ಮೇ ತಿಂಗಳ ಲೇಖನವೊಂದರಲ್ಲಿ ಇದಕ್ಕೆ ಹೆಸರು ಕೊಟ್ಟರು. ಅಳತೆಯನ್ನು ಪಿಕ್ಸೆಲ್‌ಗಳಲ್ಲಿ ಬಿಗಿಯದೆ ಶೇಕಡಾವಾರು ಹೇಳುವುದೇ ಇದರ ತಳಹದಿ: 960 ಪಿಕ್ಸೆಲ್ ಪುಟದಲ್ಲಿ 300 ಪಿಕ್ಸೆಲ್ ಅಂಕಣವನ್ನು ಶೇ. 31.25 ಎಂದು ಬರೆದರೆ, ಪುಟ 480ಕ್ಕೆ ಇಳಿದಾಗ ಅಂಕಣ ತಾನಾಗಿ 150 ಆಗುತ್ತದೆ. ಚಿತ್ರಕ್ಕೆ ಗರಿಷ್ಠ ಅಗಲ ಶೇ. 100 ಎಂದರೆ ಅದು ಅಂಕಣ ಮೀರಿ ಚಾಚದು. ಆದರೆ 150 ಪಿಕ್ಸೆಲ್‌ನಲ್ಲಿ ಓದುವುದು ಕಣ್ಣಿಗೆ ಶಿಕ್ಷೆ. ಬರೀ ಕುಗ್ಗಿಸಿದರೆ ಸಾಲದು. ಆಗ ಪುಟದ ರೂಪ ನಿರ್ದೇಶಿಸುವ ಸಿಎಸ್‌ಎಸ್ ಭಾಷೆಯ ‘ಮೀಡಿಯಾ ಕ್ವೆರಿ’ ನೆರವಿಗೆ ಬರುತ್ತದೆ: ನಿಗದಿತ ಅಗಲಕ್ಕಿಂತ ಕಿಟಕಿ ಕಿರಿದಾದೊಡನೆ ಅಕ್ಕಪಕ್ಕದ ಅಂಕಣಗಳು ಒಂದರ ಕೆಳಗೊಂದು ಕೂರುತ್ತವೆ. ಕಿಟಕಿಯ ಬದಲು, ಪುಟದ ಭಾಗವೊಂದನ್ನು ಒಳಗೊಂಡ ಪೆಟ್ಟಿಗೆಯ ಅಗಲ ನೋಡುವ ‘ಕಂಟೇನರ್ ಕ್ವೆರಿ’ 2023ರ ಹೊತ್ತಿಗೆ ಪ್ರಮುಖ ಬ್ರೌಸರ್‌ಗಳಲ್ಲೆಲ್ಲ ಬಂದಿತು.