ಓದುವವರೇ ಓದಿಸಿದ ಕತೆ

ನಮ್ಮ ವೇದಿಕೆಯ ಹಲವು ಮನೆಗಳಲ್ಲಿ ಈಗ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಕೆಲವರು ತರಬೇತಿ ಮುಗಿಸಿ, ಪ್ರಮಾಣಪತ್ರ ಪಡೆದು, ತಮ್ಮ ಜೊತೆಯವರಿಗೇ ಆರೋಗ್ಯದ ವಿಷಯ ತಿಳಿಸಿಕೊಡುತ್ತಾರೆ. ಅವರನ್ನು ‘ಪೀರ್ ಎಜುಕೇಟರ್’ ಎನ್ನುತ್ತಾರೆ. “ಇದೆಲ್ಲ ಫಾರಿನ್ ಪದ್ಧತಿ, ನಮಗೇಕೆ?” ಎಂದು ಕೇಳುವ ಸೋದರಿಯರಿಗಾಗಿ ಇದರ ಹಿಂದಿನ ಕತೆಯನ್ನು ಬರೆಯುತ್ತಿದ್ದೇನೆ. ಚೆನ್ನೈನ ಮಹಿಳಾ ಕಾಲೇಜೊಂದರಲ್ಲಿ ಪಾಠ ಹೇಳುತ್ತ ಎನ್‌ಎಸ್‌ಎಸ್ ಜವಾಬ್ದಾರಿಯನ್ನೂ ಹೊತ್ತಿದ್ದರಿಂದ, ಇದರಲ್ಲಿ ಸ್ವಲ್ಪ ಭಾಗವನ್ನು ಹತ್ತಿರದಿಂದ ಕಂಡಿದ್ದೇನೆ.

ಓದುವವರೇ ಓದಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮ ಕೂಲಿಮಠಗಳಲ್ಲಿ ದೊಡ್ಡ ಹುಡುಗರು ಚಿಕ್ಕವರ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕರಾದ ಆಂಡ್ರೂ ಬೆಲ್, ಇಲ್ಲಿನ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ನೋಡಿ ತಮ್ಮ ಶಾಲೆಗೂ ತಂದರು. ಹುಡುಗರಿಗೆ ಹುಡುಗರಿಂದಲೇ ಪಾಠ ಹೇಳಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚಾಯಿತು. ಆ ಪದ್ಧತಿಗೆ ‘ಮದರಾಸ್ ಪದ್ಧತಿ’ ಎಂದೇ ಹೆಸರು ಬಂತು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್, ಮುಂದಿರುವ ಮಕ್ಕಳು ಹಿಂದಿರುವವರಿಗೆ ಕಲಿಸುವ ನಮ್ಮ ಕ್ರಮವನ್ನು ಮೆಚ್ಚಿ ಸರಕಾರಕ್ಕೆ ಬರೆದರು. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದೂ ಹೇಳಿದರು.

ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ. ಬಳ್ಳಾರಿ ಜಿಲ್ಲೆಯ 533 ಶಾಲೆಗಳಲ್ಲಿ ಓದುತ್ತಿದ್ದವರು 6,641 ಮಂದಿ. ಅವರಲ್ಲಿ ಹುಡುಗಿಯರು ಕೇವಲ 60! ಮೆಚ್ಚುಗೆ ಪಡೆದ ಆ ಪದ್ಧತಿಯಲ್ಲಿ ನಮ್ಮ ಅಜ್ಜಿಯ ಅಜ್ಜಿಯರಿಗೆ ಕಲಿಯಲೂ ಜಾಗವಿರಲಿಲ್ಲ, ಕಲಿಸಲೂ ಇರಲಿಲ್ಲ.

ಕಾಲೇಜು ವಿದ್ಯಾರ್ಥಿಗಳ ಕೈಗೆ ಇಂಥ ಕೆಲಸ ದೇಶದಾದ್ಯಂತ ಬಂದದ್ದು ಗಾಂಧೀಜಿಯವರ ಜನ್ಮ ಶತಾಬ್ದಿಯ ವರ್ಷದಲ್ಲಿ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್, ಆರಂಭವಾಯಿತು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮತ್ತು ಏಳು ದಿನಗಳ ವಿಶೇಷ ಶಿಬಿರ ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಮೊದಮೊದಲು ಗಿಡ ನೆಡುವುದು, ರಸ್ತೆ ಮಾಡುವುದು, ಅಕ್ಷರ ಕಲಿಸುವುದು ಇವೇ ಮುಖ್ಯ ಕೆಲಸಗಳು.

1986ರಲ್ಲಿ ಮಾತು ಬದಲಾಯಿತು. ಮದರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿದ್ದರು. ಅವನ್ನು ತಮ್ಮ ಮನೆಯ ಫ್ರಿಜ್ಜಿನಲ್ಲೇ ಕಾಪಾಡಿಟ್ಟು, ಪರೀಕ್ಷೆಗೆಂದು ವೆಲ್ಲೂರಿಗೆ ಒಯ್ದರು. ದೇಶದಲ್ಲಿ ಎಚ್‌ಐವಿ ಇದೆಯೆಂದು ಮೊದಲು ಗೊತ್ತಾದದ್ದು ಆ ಪರೀಕ್ಷೆಯಿಂದ. ಆ ಸುದ್ದಿಯನ್ನು ಹೊರಗೆ ತಂದವರು ಒಬ್ಬ ಗುರು, ಒಬ್ಬ ಶಿಷ್ಯೆ, ಇಬ್ಬರೂ ಹೆಂಗಸರು.

ಆಗ ಔಷಧವಿರಲಿಲ್ಲ, ತಿಳಿವಳಿಕೆಯೇ ಔಷಧ. ಆದರೆ ಹೇಳುವವರು ಯಾರು? ಇಪ್ಪತ್ತರ ಹುಡುಗಿ ಇಂಥದ್ದನ್ನು ಅಮ್ಮನನ್ನು ಕೇಳುವುದಿಲ್ಲ, ಮೇಡಂ ಅವರನ್ನೂ ಕೇಳುವುದಿಲ್ಲ. ಹಾಸ್ಟೆಲಿನ ಗೆಳತಿಯನ್ನು ಕೇಳುತ್ತಾಳೆ. ಹಾಗಾದರೆ ಆ ಗೆಳತಿಗೆ ಸರಿಯಾದ ವಿಷಯ ಗೊತ್ತಿರಬೇಕು. 1991ರಲ್ಲಿ ಎನ್‌ಎಸ್‌ಎಸ್ ಮೂಲಕ ಶುರುವಾದ ‘ಯೂನಿವರ್ಸಿಟೀಸ್ ಟಾಕ್ ಏಡ್ಸ್’ ಕಾರ್ಯಕ್ರಮ ಹಿಡಿದದ್ದು ಈ ದಾರಿಯನ್ನೇ. ಮುಂದೆ ಕಾಲೇಜುಗಳಲ್ಲಿ ರೆಡ್ ರಿಬ್ಬನ್ ಕ್ಲಬ್‌ಗಳೂ ಬಂದವು.

ನಮ್ಮ ಕಾಲೇಜಿನಲ್ಲಿ ಒಂದು ರಟ್ಟಿನ ಡಬ್ಬಿ ಇಟ್ಟಿದ್ದೆವು. ಹೆಸರಿಲ್ಲದೆ ಪ್ರಶ್ನೆ ಬರೆದು ಹಾಕಬಹುದಿತ್ತು. ಸೊಳ್ಳೆ ಕಚ್ಚಿದರೆ ಬರುತ್ತದೆಯೇ, ಒಂದೇ ತಟ್ಟೆಯಲ್ಲಿ ಉಂಡರೆ ಬರುತ್ತದೆಯೇ ಎಂಬುದರಿಂದ ಹಿಡಿದು ಮದುವೆಗೆ ಮುಂಚೆ ಹುಡುಗನ ರಕ್ತಪರೀಕ್ಷೆ ಕೇಳಬಹುದೇ ಎನ್ನುವವರೆಗೆ ಚೀಟಿಗಳು ಬರುತ್ತಿದ್ದವು. ತರಬೇತಿಯಲ್ಲಿ ಹುಡುಗಿಯರು ಮೂರು ವಿಷಯ ಕಲಿಯುತ್ತಿದ್ದರು: ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬಾರದು, ತನಗೆ ಮೀರಿದ್ದನ್ನು ತಾನೇ ಬಗೆಹರಿಸಲು ಹೋಗದೆ ವೈದ್ಯರ ಹತ್ತಿರ ಅಥವಾ ಸರಕಾರಿ ಪರೀಕ್ಷಾ ಕೇಂದ್ರಕ್ಕೆ ಕಳಿಸಬೇಕು. ನನ್ನ ಪ್ರಕಾರ ಮೂರನೆಯದೇ ಬಲು ಕಷ್ಟದ ಪಾಠ. ಗೊತ್ತಿಲ್ಲ ಎನ್ನುವುದಕ್ಕೂ ಅಭ್ಯಾಸ ಬೇಕು.

ಪ್ರಮಾಣಪತ್ರ ಬರೀ ಕಾಗದ ಎನ್ನುವವರಿದ್ದಾರೆ. ನಾನು ಕಂಡದ್ದು ಬೇರೆ. “ಹೆಣ್ಣುಮಗಳಾಗಿ ಇಂಥ ಮಾತು ಆಡುತ್ತೀಯಾ?” ಎಂದು ಮನೆಯಲ್ಲಿ ಗದರಿದಾಗ, ನನ್ನ ವಿದ್ಯಾರ್ಥಿನಿಯೊಬ್ಬಳು ಅದನ್ನು ತಂದೆಯ ಮುಂದಿಟ್ಟು “ಇದು ಕಾಲೇಜಿನ ಓದು ಅಪ್ಪ” ಎಂದಳಂತೆ. ಮೊಹರು ನೋಡಿ ಅವರು ಸುಮ್ಮನಾದರಂತೆ. ಹುಡುಗಿಯರಿಗೆ ಅದು ಬಾಯಿ ತೆರೆಯಲು ಸಿಕ್ಕ ಪರವಾನಗಿ. ಜೊತೆಗೆ, ಎಲ್ಲಿ ನಿಲ್ಲಿಸಬೇಕು ಎಂಬ ಗೆರೆಯೂ ಹೌದು. ತರಬೇತಿಯಿಲ್ಲದೆ ಸಲಹೆ ಕೊಡುವವರು ಪ್ರತಿ ವಾಟ್ಸಾಪ್ ಗುಂಪಿನಲ್ಲೂ ಇರುವ ಈ ಕಾಲದಲ್ಲಿ ಆ ಗೆರೆಗೆ ಇನ್ನೂ ಹೆಚ್ಚಿನ ಬೆಲೆಯಿದೆ.

ನಮ್ಮ ವೇದಿಕೆ ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸುತ್ತದೆ. ವೈದ್ಯರು ಬಂದು ಮಾತನಾಡಿ ಹೋಗುತ್ತಾರೆ. ಮುಂದಿನ ಸಲ, ಅದಕ್ಕೆ ಒಂದು ತಿಂಗಳು ಮುಂಚೆಯೇ ನಮ್ಮ ಕಾಲೇಜು ಹುಡುಗಿಯರಲ್ಲಿ ಹತ್ತು ಜನರನ್ನು ಆ ವೈದ್ಯರ ಕೈಗೊಪ್ಪಿಸಿ ತರಬೇತಿ ಕೊಡಿಸೋಣ. ರಕ್ತಹೀನತೆ, ಮುಟ್ಟಿನ ತೊಂದರೆ, ಮನಸ್ಸಿನ ಬೇಗುದಿ, ಹೀಗೆ ವಿಷಯಗಳಿಗೇನೂ ಬರವಿಲ್ಲ. ಶಿಬಿರದ ದಿನ ಕನ್ನಡದಲ್ಲಿ ಅವರೇ ಮಾತನಾಡಲಿ, ನಾವು ಕೆಳಗೆ ಕುಳಿತು ಕೇಳೋಣ. ಪ್ರಶ್ನೆ ಹಾಕುವ ರಟ್ಟಿನ ಡಬ್ಬಿಯನ್ನು ನಾನೇ ತರುತ್ತೇನೆ.